ಸರದಿಯ ಕೊಂಬು

"ಗುರುಗಳೇ, ದೊಡ್ಡ ದೊಡ್ಡ ಯುದ್ಧಗಳು ಎಲ್ಲಿಂದ ಹುಟ್ಟುತ್ತವೆ?" ಎಂದು ಬೊಮ್ಮಣ್ಣ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಹಿಂದಿನ ದಿನ ಮಠದಲ್ಲಿ ತಂಗಿದ್ದ ಯಾತ್ರಿಕನೊಬ್ಬ, ಎರಡು ರಾಜ್ಯಗಳು ಮೂರು ತಲೆಮಾರು ಕಾದಾಡಿದ್ದನ್ನು ಹೇಳಿ ಹೋಗಿದ್ದ. ಆಗಿನಿಂದ ಈ ಪ್ರಶ್ನೆ ಬೊಮ್ಮಣ್ಣನ ಬೆನ್ನು ಹತ್ತಿತ್ತು.

ಅಂದು ಜೋಳದ ಹೊಲ ಕಾಯುವ ಸರದಿ ಅವನದು. ತೆನೆ ಹಾಲುಗಟ್ಟಿತ್ತು. ಮಠದ ವರ್ಷದ ಊಟವೆಲ್ಲ ಆ ಒಂದು ಹೊಲದಲ್ಲಿತ್ತು. ಆದರೂ ಗಿಣಿ ಓಡಿಸುತ್ತ ಅಟ್ಟಣಿಗೆಯ ಮೇಲೆ ಕುಳಿತಿರಲು ಅವನ ಮನಸ್ಸು ಕೇಳಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮೇಕೆ ಕಾಯುವವನೊಬ್ಬನನ್ನು ಕರೆದು, ಒಂದು ಉಂಡೆ ಬೆಲ್ಲ ಕೊಟ್ಟು, ಕವಣೆಯನ್ನು ಅವನ ಕೈಗಿತ್ತು ಬಂದಿದ್ದ. ಇದನ್ನು ಗುರುಗಳಿಗೆ ಹೇಳುವ ಅಗತ್ಯವೇನೂ ಅವನಿಗೆ ಕಾಣಲಿಲ್ಲ. ಇಳಿಜಾರಿನ ಹೊಲಕ್ಕೆ ಬೆನ್ನು ಮಾಡಿ ಕುಳಿತ.

"ಕೈ ಸುಮ್ಮನಿರುವುದು ಬೇಡ," ಎಂದು ಗುರುಗಳು ಮೊರವನ್ನು ಅವನ ಕಡೆ ಸರಿಸಿ ಕತೆ ಶುರು ಮಾಡಿದರು.

ಹೊಳೆ ದಾಟುವ ಕಡವಿನಲ್ಲಿ ಒಂದು ಊರಿತ್ತು. ಹೊಳೆಯ ಈಚೆ ಒಬ್ಬ ಅರಸ, ಆಚೆ ಇನ್ನೊಬ್ಬ ಅರಸ. ಊರು ಇಬ್ಬರಿಗೂ ಸೇರಿದ್ದಲ್ಲ. ಊರಿನ ಬುರುಜಿನಲ್ಲಿ ಒಂದು ಕೊಂಬಿತ್ತು. ದಿನಕ್ಕೊಂದು ಮನೆಯವರು ಬುರುಜು ಹತ್ತಿ ಹೊಳೆ ನೋಡುತ್ತ ಕೂರಬೇಕು. ಕಳ್ಳರು ಕಂಡರೆ ಕೊಂಬು ಊದಬೇಕು. ಹೊತ್ತು ಇಳಿದ ಮೇಲೆ ಕೊಂಬನ್ನು ಪಕ್ಕದ ಮನೆಗೆ ಮುಟ್ಟಿಸಬೇಕು. ಗೌಡನ ಮನೆಗೂ ಸರದಿ ತಪ್ಪಿದ್ದಲ್ಲ.

ಊರಿನ ವ್ಯಾಪಾರ ಕುದುರಿತು. ವರ್ತಕನಿಗೆ ಅಂಗಡಿ ಬಿಟ್ಟು ಏಳಲಾಗದು, ನೇಕಾರನಿಗೆ ಮಗ್ಗ ಬಿಟ್ಟು ಏಳಲಾಗದು. ಅದೇ ಹೊತ್ತಿಗೆ, ತಮ್ಮ ಅರಸನನ್ನು ಕಳೆದುಕೊಂಡ ಕೂಲಿ ಸಿಪಾಯಿಗಳ ಗುಂಪೊಂದು ಆ ದಾರಿಯಲ್ಲಿ ಬಂತು. ಊರಿನವರು ಅವರಿಗೆ ವೀಳ್ಯ ಕೊಟ್ಟು ಕಾವಲಿಗೆ ಇಟ್ಟುಕೊಂಡರು. ಕೊಂಬನ್ನೂ ಕೊಟ್ಟರು. ಎಷ್ಟು ದಿನಕ್ಕೆ ಎಂದು ಊರಿನವರು ಹೇಳಲಿಲ್ಲ, ಸಿಪಾಯಿಗಳೂ ಕೇಳಲಿಲ್ಲ.

ಒಂದು ತಿಂಗಳು ಊರು ಹಾಯಾಗಿತ್ತು. ಆಮೇಲೆ ಬುರುಜಿನ ಬುಡದ ಮನೆಗಳ ಕೋಳಿಗಳು ಒಂದೊಂದಾಗಿ ಕಾಣೆಯಾದವು. ಗಾಣ ನಡೆಸುವ ಮುದುಕಿಯೊಬ್ಬಳು ಊರಕಟ್ಟೆಗೆ ಬಂದಳು. ಸರದಿಯನ್ನು ಒಂದು ದಿನವೂ ತಪ್ಪಿಸಿದವಳಲ್ಲ ಅವಳು.

"ಸಿಪಾಯಿಗಳಿನ್ನೂ ಬುರುಜಿನಲ್ಲೇ ಇದ್ದಾರೆ. ಇವತ್ತೇ ಕೊಂಬು ಇಸಿದುಕೊಳ್ಳಿ," ಎಂದಳು.

"ಇಸಿದುಕೊಂಡರೆ ನಾಳೆ ಹತ್ತುವವರು ಯಾರಜ್ಜಿ?" ಎಂದ ವರ್ತಕ.

"ನಾನು."

"ನಿನ್ನ ಮಂಡಿ ಒಪ್ಪಬೇಕಲ್ಲ."

"ನೋಯುವ ಮಂಡಿ ನನ್ನದು. ನಿನಗೇನಪ್ಪ ಕಷ್ಟ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಕ್ಕು ಅವರವರ ಕೆಲಸಕ್ಕೆ ಎದ್ದು ಹೋದರು.

ಇಲ್ಲಿ ಬೊಮ್ಮಣ್ಣನೂ ನಕ್ಕ. ಗುರುಗಳು ಒಂದು ಕಾಯಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ ಮುಂದುವರಿಸಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಸಿಪಾಯಿಗಳು ಬುರುಜು ಇಳಿದು ಮನೆಗಳಿಗೆ ಬಂದಿದ್ದರು. ಹೊರಡಿ ಎಂದರೆ, "ಕರೆದವರು ನೀವೇ ಅಲ್ಲವೇ?" ಎಂದರು. ಊರಿನವರು ಗುಟ್ಟಾಗಿ ಈಚೆ ದಡದ ಅರಸನಿಗೆ ಓಲೆ ಕಳಿಸಿದರು. ಅದು ತಿಳಿದು ಸಿಪಾಯಿಗಳು ಆಚೆ ದಡದ ಅರಸನಿಗೆ ಓಲೆ ಕಳಿಸಿದರು. ಅರಸರಿಬ್ಬರಿಗೂ ಆ ಊರು ಬೇಕಿರಲಿಲ್ಲ. ಆದರೆ ಕಡವು ಇನ್ನೊಬ್ಬನ ಕೈಗೆ ಹೋಗುವುದು ಇಬ್ಬರಿಗೂ ಬೇಡವಾಗಿತ್ತು. ಇಬ್ಬರೂ ದಂಡು ಕಟ್ಟಿಕೊಂಡು ಬಂದರು. ಹೊಳೆಯ ಮರಳಿನ ಮೇಲೆ ಹತ್ತಿದ ಕಾಳಗ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಲಿಲ್ಲ. ಊರು ಮೊದಲ ವಾರವೇ ಸುಟ್ಟುಹೋಯಿತು. ಸಿಪಾಯಿಗಳು ಅರ್ಧ ಜನ ಈಚೆಯವನಲ್ಲಿ, ಅರ್ಧ ಜನ ಆಚೆಯವನಲ್ಲಿ ಕೆಲಸಕ್ಕೆ ಸೇರಿಕೊಂಡರು.

"ಆ ಅಜ್ಜಿ?" ಎಂದ ಬೊಮ್ಮಣ್ಣ.

"ಕಟ್ಟೆಯವರು ನಕ್ಕ ದಿನವೇ ಎತ್ತು ಹೊಡೆದುಕೊಂಡು ಹೊಳೆಯ ಮೇಲುಗಡೆಗೆ ಹೋದಳು. ಅಲ್ಲಿ ಗಾಣ ಹೂಡಿದಳು. ಸುತ್ತ ಹತ್ತು ಮನೆ ಎದ್ದವು. ಹತ್ತು ಮನೆಗೂ ಸರದಿ ಇತ್ತು."

ಬೊಮ್ಮಣ್ಣನಿಗೆ ಸಮಾಧಾನವಾಯಿತು. ಒಳ್ಳೆಯ ಕತೆ. ಮೊರದಲ್ಲಿ ಕಾಳೂ ತುಂಬಿತ್ತು. ಒಂದೇ ಒಂದು ಸಂಗತಿ ಅವನಿಗೆ ಬಗೆಹರಿಯಲಿಲ್ಲ.

"ಹಾಗಾದರೆ ಯುದ್ಧ ಹುಟ್ಟಿದ್ದು ಸಿಪಾಯಿಗಳಿಂದಲೋ, ಅರಸರಿಂದಲೋ ಗುರುಗಳೇ?"

ಗುರುಗಳು ಅವನ ಹೆಗಲಾಚೆ ಇಳಿಜಾರಿನ ಕಡೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಏಳಪ್ಪ ಬೊಮ್ಮಣ್ಣ, ಮೇಕೆಗಳು ಇನ್ನೂ ಮೊದಲನೆಯ ಸಾಲಿನಲ್ಲೇ ಇವೆ."