ಮೂರು ಸಲ ಕೂಗಿದರು

ಮೂವತ್ತು ವರ್ಷ ವಿದ್ಯುತ್ ಮಗ್ಗದ ಸದ್ದಿನಲ್ಲಿ ದುಡಿದ ಈರಬಸಪ್ಪನಿಗೆ ಎರಡೂ ಕಿವಿ ಹೋಗಿದ್ದವು. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದ. ಪುರಾವೆ ಸಾಲದೆಂದು ತಿರಸ್ಕರಿಸಿದರು. ಮೇಲ್ಮನವಿ ಹಾಕಿದ. ವಿಚಾರಣೆಯ ದಿನ ಬೆಳಿಗ್ಗೆಯಿಂದ ಸಂಜೆತನಕ ಕಚೇರಿಯ ಬೆಂಚಿನ ಮೇಲೆ ಕೂತ. ಯಾರೂ ಬಂದು ಕರೆಯಲಿಲ್ಲ. ವಾರದ ಮೇಲೆ ಅಂಚೆಯಲ್ಲಿ ಆದೇಶ ಬಂತು: "ಅರ್ಜಿದಾರರು ಬಾಗಿಲಲ್ಲೇ ಕೂತಿದ್ದರು. ಜವಾನನು ಮೂರು ಸಲ ಗಟ್ಟಿಯಾಗಿ ಕೂಗಿದರೂ ಉದ್ಧಟತನದಿಂದ ತಿರುಗಿ ನೋಡಲಿಲ್ಲ. ಮೇಲ್ಮನವಿ ವಜಾ."

ಮರುದಿನ ಆದೇಶ ಹಿಡಿದು ನೇರ ಸಾಹೇಬರ ಕೋಣೆಗೇ ನುಗ್ಗಿದ.

ಸಾಹೇಬರು ಕೂಗಿ ಕೂಗಿ ಸಾಕಾಗಿ, ಚೀಟಿಯ ಮೇಲೆ ಬರೆದು ತೋರಿಸಿದರು: "ನೀನು ಕಿವುಡ ಅನ್ನೋದಕ್ಕೆ ಪುರಾವೆ ಎಲ್ಲಿ?"

ಈರಬಸಪ್ಪ ಆದೇಶವನ್ನೇ ಮೇಜಿನ ಮೇಲಿಟ್ಟ. "ಇದನ್ನ ನೋಡ್ರಿ ಸಾಹೇಬ್ರ. ನಿಮ್ಮ ಜವಾನ ಮೂರು ಸಲ ಪರೀಕ್ಷೆ ಮಾಡ್ಯಾನ. ಕೆಳಗ ನಿಮ್ದ ಸಹಿ ಐತಿ."

ಸಾಹೇಬರು ತಮ್ಮ ಸಹಿಯನ್ನೇ ದಿಟ್ಟಿಸಿದರು. ಮುಖ ಕೆಂಪಾಯಿತು. ಮೂಲೆಯಲ್ಲಿದ್ದ ಗುಮಾಸ್ತ ಫೈಲಿನ ಹಿಂದೆ ನಗು ಬಚ್ಚಿಟ್ಟ. ಕೊನೆಗೆ ಸಾಹೇಬರು ಅದೇ ಚೀಟಿಯ ಹಿಂದೆ ಬರೆದುಕೊಟ್ಟರು: "ಸರಿ, ಮತ್ತೆ ವಿಚಾರಣೆ ಮಾಡೋಣ. ಹೊರಗೆ ಕೂತಿರು, ಕೂಗುತ್ತೇವೆ."

ಈರಬಸಪ್ಪ ಅದನ್ನು ಎರಡು ಸಲ ಓದಿದ. ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡ. ಮುಂದಿನ ಮೇಲ್ಮನವಿಗೆ ಬೇಕಾಗುತ್ತದಲ್ಲ.