ಬೋರಲಿಂಗ ಮನೆಮನೆಗೆ ಹೋಗಿ ಬಂದದ್ದು

ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯದಲ್ಲಿ ನಗ್ಬೇಡಿ, ನಕ್ಕೋರಿಗೆ ಮಿಕ್ಕ ಕತೆ ಇಲ್ಲ.

ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು. ಗಂಡ ಇಲ್ಲ, ಮಂಡಿನೋವು ಬಿಡ್ತಾ ಇಲ್ಲ. ಮಗಳು ದೇವೀರಿ ಬಂಗಾರದಂಥ ಹುಡುಗಿ. ಮಗ ಬೋರಲಿಂಗ... ಏನ್ ಹೇಳ್ಲಿ, ಮಗ ಬೋರಲಿಂಗ! ಪಕ್ಕದೂರೋರು ದೇವೀರೀನ ಕೇಳ್ಕೊಂಡು ಬಂದಿದ್ರು. ಗಂಡಿನ ಸೋದರಮಾವ ತಿಬ್ಬೇಗೌಡ ಒಂದೇ ಮಾತಂದಿದ್ದ: "ಒಡವೆ ಗಿಡವೆ ಬೇಡ. ನಾಲ್ಕು ಜನರ ಮನೆಗೆ ಹೋಗಿ ಬಂದು ಮಾಡೋ ಮನೆತನ ಬೇಕು ನಮಗೆ." ಈ ಮನೇಲಿ ಗಂಡುದಿಕ್ಕು ಅಂದ್ರೆ ಬೋರಲಿಂಗ ಒಬ್ನೇ. ಹೋಗೋನೂ ಅವನೇ, ಬರೋನೂ ಅವನೇ.

ಮೊದ್ಲು ಚಿಕ್ಕಪ್ಪನ ಮನೇಲಿ ನಾಮಕರಣ ಬಂತು. "ಹೋಗಿ ಒಂಚೂರು ಮುಖ ತೋರಿಸ್ಬುಟ್ಟು ಬಾರೋ," ಅಂದ್ಲು ಅವ್ವ. ಹೋದ. ಬಾಗಿಲಲ್ಲಿ ನಿಂತ. ಮುಖ ತೋರಿಸ್ದ. ತಿರುಗಿ ಬಂದ.

"ಊಟ ಆಯ್ತೇನೋ?"

"ಇಲ್ಲ."

"ಯಾರನ್ನಾದ್ರೂ ಮಾತಾಡಿಸಿದ್ಯಾ?"

"ಇಲ್ಲ. ಮುಖ ತೋರ್ಸು ಅಂದೆ, ತೋರ್ಸ್ದೆ."

"ಅಯ್ಯೋ ನನ್ ಹಣೇಬರವೇ! ಹೋದೋನು ನಗ್ತಾ ಒಳಗೆ ಹೋಗ್ಬೇಕು. 'ಇಂಥದ್ದು ನಿಮ್ಮನೇಲಿ ವರ್ಷಕ್ಕೊಂದು ಆಗ್ಲಿ' ಅನ್ಬೇಕು. ಹೊಟ್ಟೆ ತುಂಬ ಉಣ್ಬೇಕು. ಹೊರಡೋವಾಗ 'ಹೋಗ್ತೀನಿ' ಅನ್ಬಾರ್ದು, 'ಬರ್ತೀನಿ' ಅನ್ಬೇಕು. ತಿಳೀತಾ?"

"ತಿಳೀತು ಕಣವ್ವ."

ಮೂರು ದಿನ ಆಗಿಲ್ಲ, ಮೂಲೆಮನೆ ನಂಜಯ್ಯ ತೀರ್ಕೊಂಡ. ಹೊರಟ ನಮ್ಮ ಬೋರಲಿಂಗ! ಹೆಣ ಇನ್ನೂ ಜಗಲಿ ಮೇಲೈತೆ, ಹೆಂಗಸ್ರು ಎದೆ ಬಡ್ಕೋತಾವ್ರೆ, ಇವ್ನು ಮೂವತ್ತೆರಡು ಹಲ್ಲೂ ಬಿಟ್ಕೊಂಡು ನುಗ್ಗಿದ. "ಇಂಥದ್ದು ನಿಮ್ಮನೇಲಿ ವರ್ಷಕ್ಕೊಂದು ಆಗ್ಲಿ!" ಅಂದ. ಅಳ್ತಿದ್ದೋರ ಅಳು ಗಂಟಲಲ್ಲೇ ನಿಂತೋಯ್ತು. "ಊಟ ಯಾವಾಗ?" ಅಂದ. ನಂಜಯ್ಯನ ಮಗ ದೊಣ್ಣೆ ಹುಡುಕಿದ. "ಎಲ್ಲಿಂದ ವಕ್ಕರಿಸ್ತೋ ಈ ಶನಿ!" ಅಂತ ಜನ ಅಟ್ಟಿಸ್ಕೊಂಡು ಬಂದ್ರು. ಓಡ್ತಾ ಓಡ್ತಾ ತಿರುಗಿ ಕೂಗ್ದ, "ಬರ್ತೀನೀ!"

ಅವ್ವ ಹಣೆ ಹಣೆ ಚಚ್ಕೊಂಡ್ಲು. "ಅಲ್ವೋ ಪಾಪಿ! ಅಂಥ ಕಡೆ ಹೋದ್ರೆ ತಲೆ ತಗ್ಗಿಸ್ಕೊಂಡು ಕೂರ್ಬೇಕು. ಅವ್ರ ಕೈ ಹಿಡ್ಕೊಂಡು ಅಳ್ಬೇಕು. ಒಂದ್ ತೊಟ್ಟು ನೀರೂ ಮುಟ್ಬಾರ್ದು. ಸತ್ತ ಮನೇಲಿ 'ಬರ್ತೀನಿ' ಅಂತ ಯಾರೂ ಅನ್ಬಾರ್ದು, ಸುಮ್ನೆ ಎದ್ದು ಬರ್ಬೇಕು. ಹಿತ್ತಿಲಲ್ಲಿ ತಲೆ ಮೇಲೆ ನೀರು ಹುಯ್ಕೊಳ್ಳೋವರ್ಗೂ ಯಾರನ್ನೂ ಮಾತಾಡಿಸ್ಬಾರ್ದು!"

"ಇದನ್ನ ಮೊದ್ಲೇ ಹೇಳ್ಬಾರ್ದಾ?" ಅಂದ ಮಗ.

ವಾರ ಕಳೀತು. ತಿಬ್ಬೇಗೌಡ ಹೇಳಿ ಕಳಿಸ್ದ, "ಹುಡುಗಿ ಅಣ್ಣ ಒಂದ್ಸಲ ಬಂದು ಹೋಗ್ಲಿ, ಮಾತು ಮುಗಿಸೋಣ." ಅವ್ವ ಬಿಳಿ ಪಂಚೆ ಉಡಿಸಿ, ಗದ್ದ ಹಿಡಿದು, "ನಿನ್ ತಂಗಿ ಬಾಳು ನಿನ್ ಕೈಲೈತೆ ಕಣೋ," ಅಂದ್ಲು. "ನೀನು ಹೇಳ್ಕೊಟ್ಟಂಗೇ ಮಾಡ್ತೀನಿ," ಅಂದ.

ಮಾಡ್ದ! ಗಂಡಿನ ಮನೇಲಿ ಒಬ್ಬಟ್ಟು ಬೇಯಿಸಿ ಕಾಯ್ತಾವ್ರೆ. ಇವ್ನು ತಲೆ ತಗ್ಗಿಸ್ಕೊಂಡು ಬಂದ, ಗಂಡು ಮರಿಸಿದ್ದನ ಪಕ್ಕ ಕೂತ, ಕೈ ಹಿಡ್ಕೊಂಡು ಗೊಳೋ ಅಂತ ಅತ್ತ. "ಏನಾಯ್ತಪ್ಪಾ?" ಅಂದ್ರೆ ಇನ್ನೂ ಜೋರಾಗಿ ಅತ್ತ. ನೀರು ಕೊಟ್ರೆ ತಳ್ದ. ಒಬ್ಬಟ್ಟು ಕೊಟ್ರೆ ತಳ್ದ. ಸುಮ್ನೆ ಎದ್ದು ಹೊರಟೇಬಿಟ್ಟ.

ಮನೆಯೋರೆಲ್ಲ ಕಂಗಾಲು. "ಅಯ್ಯೋ, ಅವ್ರ ಮನೇಲಿ ಯಾರೋ ಹೋಗ್ಬುಟ್ರು!" ಅಂದ ತಿಬ್ಬೇಗೌಡ. "ಪಾಪ, ಹೇಳೋಕೂ ಬಾಯಿ ಬರ್ಲಿಲ್ಲ. ನಡೀರಿ, ನಡೀರಿ!"

ಇತ್ತ ಅವ್ವ ಬಾಗಿಲಲ್ಲೇ ಕಾದಿದ್ಲು. "ಏನಂದ್ರೋ?" ಮಾತಿಲ್ಲ. ನೆಟ್ಟಗೆ ಹಿತ್ತಿಲಿಗೆ ಹೋದ, ಉಟ್ಟ ಪಂಚೇಲೇ ಒಂದು ಕೊಡ ನೀರು ತಲೆ ಮೇಲೆ ಸುರ್ಕೊಂಡ. ಅವ್ವ ಎದೆ ಬಡ್ಕೊಂಡ್ಲು. "ಶಿವನೇ, ಗಂಡು ಹೋಗ್ಬುಟ್ನಾ!" ದೇವೀರಿ ಒಳಗಿಂದ ಓಡಿ ಬಂದ್ಲು. ತಾಯಿ ಮಗಳು ತಬ್ಕೊಂಡು ಅತ್ತಿದ್ದೇ ಅತ್ತಿದ್ದು.

ಅಷ್ಟರಲ್ಲಿ ತಿಬ್ಬೇಗೌಡನ ಕಡೆಯೋರು ಬರಿಗೈಲಿ, ತಲೆ ತಗ್ಗಿಸ್ಕೊಂಡು ಬಂದ್ರು. ಅವ್ವ ಕಣ್ಣೆತ್ತಿ ನೋಡ್ತಾಳೆ, ಸತ್ತ ಅಳಿಯ ಹೊಸ್ತಿಲಲ್ಲಿ ನಿಂತವ್ನೆ! ಕಿಟಾರ್ ಅಂತ ಕಿರುಚಿದ್ಲು. ತಿಬ್ಬೇಗೌಡನೂ ಬೆಚ್ಚಿಬಿದ್ದ. "ಅಮ್ಮಾ, ನೀವೂ ಇದ್ದೀರಾ, ಹುಡುಗೀನೂ ಅವ್ಳೆ! ಮತ್ತೆ ಸತ್ತೋರ್ಯಾರು?"

ಯಾರೂ ಸತ್ತಿಲ್ಲ ಅಂತ ಗೊತ್ತಾಗೋಕೆ ಒಂದು ಗಳಿಗೆ ಬೇಕಾಯ್ತು. ತಿಬ್ಬೇಗೌಡ ಮುಖ ಬಿಗ್ಕೊಂಡು ಹೊರಡೋಕೆ ನಿಂತ. ಸುಮ್ನೆ ಹೊರಟ್ರೆ ಸಂಬಂಧ ಮುರೀತು. 'ಬರ್ತೀವಿ' ಅಂದ್ರೆ ಉಳೀತು. ಗೌಡ ದೇವೀರಿಯ ಊದ್ಕೊಂಡ ಕಣ್ಣು ನೋಡ್ದ. ನಮ್ಮ ಹುಡುಗನಿಗೋಸ್ಕರ ಇಷ್ಟು ಅತ್ತವ್ಳೆ ಅಂತ ಮನಸ್ಸು ಕರಗ್ತು. ಕೈ ಮುಗಿದ, ಬಾಯಿ ತೆಗೆದ, "ಆಗ್ಲಿ ಕಣಮ್ಮ. ಶುಕ್ರವಾರ ಬರ್..."

ಹಿತ್ತಿಲಿಂದ ನೀರು ತೊಟ್ಟಿಕ್ಕಿಸ್ತಾ ಹಾರಿ ಬಂದ ಬೋರಲಿಂಗ! ಗೌಡನ ಬಾಯಿಗೆ ಕೈ ಅಡ್ಡ ಕೊಟ್ಟು ಅದುಮಿ ಹಿಡ್ದ. "ಅನ್ಬೇಡಿ ಗೌಡ್ರೇ! ಇಲ್ಲಿ ಅಳ್ತಾವ್ರೆ, ಕಾಣ್ಸಲ್ವಾ? ಅನ್ನಂಗಿಲ್ಲ, ಸುಮ್ನೆ ನಡೀರಿ!" ಅಂತ ದರದರ ಎಳ್ಕೊಂಡು ಹೋಗಿ ಬೀದಿಗೆ ಬಿಟ್ಟ. ಮರಿಸಿದ್ದನನ್ನೂ ಹಿಂದೇನೇ ದಬ್ದ. ಬಾಗಿಲು ಹಾಕ್ದ, ಚಿಲಕ ಜಡಿದ.

ಆಮೇಲೆ ಅವ್ವನ ಕಡೆ ತಿರುಗಿ ಉಸ್ಸಪ್ಪಾ ಅಂದ. "ಸದ್ಯ! ಇನ್ನೇನು ಅಂದೇಬಿಡ್ತಿದ್ದ ಕಣವ್ವ. ನಾನಿದ್ದಿದ್ದಕ್ಕೆ ಆಯ್ತು."