ಒಂದು ಬುಟ್ಟಿ ಸಿಪ್ಪೆ

“ಗುರುಗಳೇ, ತಾನಾಯಿತು ತನ್ನ ಪಾಡಾಯಿತು ಎಂದು ಶುದ್ಧವಾಗಿದ್ದರೆ ಸಾಲದೇ? ಉಳಿದವರ ಗೊಡವೆ ನನಗೇಕೆ?” ಎಂದು ಶಿಷ್ಯ ಕೇಳಿದ. ಅವನು ಆಗಷ್ಟೇ ಆ ದಿನದ ಮೂರನೆಯ ಸ್ನಾನ ಮುಗಿಸಿ ಬಂದಿದ್ದ.

“ಮೊದಲು ತಲೆ ಒರೆಸಿಕೋ, ನೆಗಡಿಯಾದೀತು. ಆಮೇಲೆ ಕತೆ ಕೇಳು” ಎಂದರು ಗುರುಗಳು.

ಯುದ್ಧದ ಕಾಲ. ಮೂವತ್ತು ಸರಕು ಹಡಗುಗಳು ಗುಂಪು ಕಟ್ಟಿಕೊಂಡು ಸಾಗರ ದಾಟುತ್ತಿದ್ದವು. ಅವನ್ನು ಮುಳುಗಿಸಲೆಂದು ಶತ್ರುವಿನ ಜಲಾಂತರ್ಗಾಮಿಯೊಂದು ಹುಡುಕುತ್ತಿತ್ತು. ಹುಡುಕುವುದೇನು ಸುಲಭವೇ? ನೀರಿನ ಮೇಲೆ ಚಾಚಿದ ಒಂದು ಕೊಳವೆಯಲ್ಲಿ ಕಂಡಷ್ಟೇ ಅದರ ಲೋಕ. ಸಮುದ್ರಕ್ಕೋ ಕೊನೆಯಿಲ್ಲ. ಆದ್ದರಿಂದ ಹಡಗುಗಳಿಗೆ ಕಟ್ಟಳೆಗಳಿದ್ದವು: ದೀಪ ಕಾಣಬಾರದು, ಕಪ್ಪು ಹೊಗೆ ಏಳಬಾರದು, ಹಗಲಲ್ಲಿ ಕಸ ಚೆಲ್ಲಬಾರದು. ಕತ್ತಲಲ್ಲಿ ಚೆಲ್ಲಿದರೆ ಬೆಳಗಾಗುವಷ್ಟರಲ್ಲಿ ಹಡಗುಗಳು ಬಹುದೂರ ಹೋಗಿರುತ್ತವೆ.

ಒಂದು ಹಡಗಿನಲ್ಲಿ ಒಬ್ಬ ಅಡಿಗೆಯವನಿದ್ದ. ಒಳ್ಳೆಯವನು, ಬಲು ಚೊಕ್ಕಟ. ಪಕ್ಕದ ಹಡಗಿನಲ್ಲಿ ಅವನ ತಂಗಿಯ ಗಂಡ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. “ಇವರನ್ನು ಜೋಪಾನವಾಗಿ ಕರೆದುಕೊಂಡು ಬಾ ಅಣ್ಣ” ಎಂದು ತಂಗಿ ಹೇಳಿ ಕಳಿಸಿದ್ದಳು. ದಿನಾ ಬೆಳಿಗ್ಗೆ ಇಬ್ಬರೂ ಹಡಗಿನಂಚಿಗೆ ಬಂದು, ದೂರದಿಂದಲೇ ಒಬ್ಬರಿಗೊಬ್ಬರು ಹೆಗಲ ಮೇಲಿನ ಬೈರಾಸು ತೆಗೆದು ಬೀಸುತ್ತಿದ್ದರು.

ಸೆಕೆ ವಿಪರೀತವಾಯಿತು. ಮಧ್ಯಾಹ್ನಕ್ಕೇ ಈರುಳ್ಳಿ ಸಿಪ್ಪೆ, ಕೋಸಿನ ಎಲೆ ನಾರತೊಡಗಿದವು. ಅಡಿಗೆಯವನು ಬುಟ್ಟಿ ಎತ್ತಿಕೊಂಡು ಅಂಚಿಗೆ ಬಂದಾಗ ಕಾವಲಿನ ನಾವಿಕ ತಡೆದ. “ಕತ್ತಲಾಗಲಿ ಮಾರಾಯಾ.”

“ನಾರುವುದನ್ನು ಪಕ್ಕದಲ್ಲಿ ಇಟ್ಟುಕೊಂಡು ಅನ್ನ ಬೇಯಿಸುವುದಾ? ಇಷ್ಟು ದೊಡ್ಡ ಸಮುದ್ರಕ್ಕೆ ನನ್ನ ಒಂದು ಬುಟ್ಟಿ ಯಾವ ಲೆಕ್ಕ?” ಎಂದು ಅವನು ಸುರಿದೇಬಿಟ್ಟ. ಮರುದಿನವೂ ಸುರಿದ. ಅವನ ಅಡಿಗೆಮನೆ ಕನ್ನಡಿಯಂತಿತ್ತು.

ಜಲಾಂತರ್ಗಾಮಿ ಹನ್ನೊಂದು ದಿನ ಸುಮ್ಮನೆ ಅಲೆದಿತ್ತು. ಇನ್ನು ತಿರುಗಿ ಹೋಗೋಣವೆಂದು ಅದರ ಕಪ್ತಾನ ಯೋಚಿಸುತ್ತಿದ್ದ. ಆಗ ಕೊಳವೆಯಲ್ಲಿ ಅವನಿಗೆ ಈರುಳ್ಳಿ ಸಿಪ್ಪೆ ಕಂಡಿತು. ನಡುನೀರಿನಲ್ಲಿ ಈರುಳ್ಳಿಯೇ! ಅವನಿಗೆ ಸೋಜಿಗವಾಯಿತು. ಮುಂದೆ ಇನ್ನಷ್ಟು ಕಂಡಿತು. ಆ ಜಾಡು ಹಿಡಿದು ಹೋದ. ಸಂಜೆಯೊಳಗೆ ಹಡಗುಗಳು ಸಿಕ್ಕವು. ಅವನು ಬಿಟ್ಟ ಟಾರ್ಪಿಡೊ ಅಡಿಗೆಯವನ ಪಕ್ಕದ ಹಡಗಿಗೆ ಬಡಿಯಿತು. ಕಲ್ಲಿದ್ದಲು ಹಾಕುವವರು ಇರುವುದು ಹಡಗಿನ ತಳದಲ್ಲಿ. ಅವರಲ್ಲಿ ಒಬ್ಬನೂ ಮೇಲೆ ಬರಲಿಲ್ಲ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಹಾಗಾದರೆ ಆ ಅಡಿಗೆಯವನಿಗೆ ಏನೂ ಆಗಲಿಲ್ಲವೇ?”

“ಏನೂ ಆಗಲಿಲ್ಲಪ್ಪ, ತಂಗಿಯ ಬಾಗಿಲಿಗೆ ಒಬ್ಬನೇ ಹೋಗಿ ನಿಂತ, ಅಷ್ಟೇ.”